ಕೆಂಚ ಯಾರ ನಾಯಿ?

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ಗಾದೆ. ಹೋದ ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ನಡೆದ ಜಗಳ ಹತ್ತು ದಿನ ಉಂಡರೂ ಮಲಗಿದರೂ ಮುಗಿಯಲಿಲ್ಲ. ಜಗಳ ಜಮೀನಿನದ್ದಲ್ಲ, ಒಡವೆಯದ್ದಲ್ಲ, ತವರು ಮನೆಯದ್ದೂ ಅಲ್ಲ. ಒಂದು ನಾಯಿಯದ್ದು. ಅದರ ಹೆಸರು ಕೆಂಚ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಹತ್ತು ವರ್ಷದಿಂದ ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೇವೆ. ಸುದ್ದಿಯಲ್ಲಿ ‘ನಾನು’ ಅಂತ ಬರೆಯಬಾರದು ಎಂದು ಡಿಪ್ಲೊಮಾ ಓದುವಾಗಲೇ ಹೇಳಿಕೊಟ್ಟರು. ಈಗ ನಮ್ಮ ಬಗ್ಗೆ ಬರೆಯಲು ಕೂತರೂ ಕೈಗೆ ‘ನಾವು’ ಅಂತಲೇ ಬರುತ್ತದೆ. ಇದನ್ನು ಓದಿದ ನಮ್ಮಾಕೆ, ‘ಬರೆಯುವಾಗ ನಾವು, ಜಗಳ ಮಾಡುವಾಗ ನಾನು’ ಅಂದಳು. ಆ ಮಾತು ನಿಜ. ಈ ಕಥೆಯೂ ಅದೇ.

ಕೆಂಚ ನಮ್ಮ ಮನೆಗೆ ಬಂದದ್ದು ಆಷಾಢದಲ್ಲಿ. ಒಂದು ರಾತ್ರಿ ತಾಲ್ಲೂಕು ಕೇಂದ್ರದಿಂದ ಬೈಕಿನಲ್ಲಿ ಬರುತ್ತಿದ್ದೆವು. ಜಡಿ ಮಳೆ. ಬಸ್ ನಿಲ್ದಾಣದ ತಂಗುದಾಣದಲ್ಲಿ ನಿಂತರೆ ಮೂಲೆಯಲ್ಲಿ ಕೆಂಚು ಬಣ್ಣದ ಮರಿಯೊಂದು ನಡುಗುತ್ತಾ ಕೂತಿತ್ತು. ಎರಡು ತಿಂಗಳು ಇದ್ದೀತು. ತಾಯಿ ಸುತ್ತಮುತ್ತ ಕಾಣಲಿಲ್ಲ. ಎತ್ತಿ ಮಳೆ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಬಂದೆವು.

ನಮ್ಮಾಕೆ ಬಾಗಿಲಲ್ಲೇ ನಿಂತು ನೋಡಿದಳು. ‘ಹಸು ಇದೆ, ಕರು ಇದೆ, ಅತ್ತೆಗೆ ಮಂಡಿ ನೋವು, ಮಗಳಿಗೆ ಐದು ವರ್ಷ. ಇದನ್ನ ಯಾರು ನೋಡ್ಕೊಳ್ತಾರೆ?’ ಅಂದಳು.

‘ನಾನು ನೋಡ್ಕೊಳ್ತೀನಿ’ ಅಂದೆವು.

ಈ ಮಾತು ಹೇಳುವಾಗ ಸುಳ್ಳು ಹೇಳುತ್ತಿದ್ದೇವೆ ಅಂತ ನಮಗೆ ಅನಿಸಿರಲಿಲ್ಲ. ಮಗಳು ಅಷ್ಟರಲ್ಲಿ ಮರಿಯನ್ನು ಎತ್ತಿಕೊಂಡು ಕೆಂಚ, ಕೆಂಚ ಅಂತ ಕುಣಿಯುತ್ತಿದ್ದಳು. ಅಲ್ಲಿಗೆ ಪಂಚಾಯಿತಿ ಮುಗಿಯಿತು.

ಮೊದಲ ವಾರ ನಾವೇ ಹಾಲು ಹಾಕಿದೆವು. ಎರಡನೇ ವಾರ ಜಾತ್ರೆ ಸುದ್ದಿ, ಮೂರನೇ ವಾರ ಚುನಾವಣೆಯ ಮಾತು, ಆಮೇಲೆ ಮಳೆಗೆ ಬಿದ್ದ ಮನೆಗಳ ಲೆಕ್ಕ. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದೆವು. ಎರಡು ಹೊತ್ತು ಮುದ್ದೆ ಕಿವುಚಿ ಮಜ್ಜಿಗೆ ಹಾಕಿ ಕೊಟ್ಟವಳು ನಮ್ಮಾಕೆ. ಅಂಗಳದ ಗಲೀಜು ತೆಗೆದವಳು ಅವಳು. ಉಣ್ಣೆ ಹತ್ತಿದಾಗ ಒಂದೊಂದಾಗಿ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕಿದವಳೂ ಅವಳೇ. ನಾವು ಮಾಡಿದ್ದು ಒಂದು ಕೆಲಸ. ಕೆಂಚನ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ‘ನಮ್ಮ ಮನೆಯ ಹೊಸ ಸದಸ್ಯ’ ಅಂತ ಬರೆದದ್ದು.

ನಮ್ಮದು ತೆಂಗಿನ ಸೀಮೆ. ಕೋತಿಗಳು ಹಿಂಡು ಹಿಂಡಾಗಿ ಬಂದು ಎಳನೀರು ಕಿತ್ತು ಬಿಸಾಕುತ್ತವೆ. ಕೆಂಚ ನಾಲ್ಕು ತಿಂಗಳಿಗೇ ಕೋತಿ ಓಡಿಸುವುದನ್ನು ಕಲಿತ. ಅದನ್ನು ನೋಡಿದವರು ಹೊಗಳಿದರೆ ‘ನಮ್ಮ ನಾಯಿ’ ಅನ್ನುತ್ತಿದ್ದೆವು. ಅವನು ಯಾರದೋ ಕೋಳಿ ಹಿಂದೆ ಓಡಿದ ದಿನ ಮನೆಯೊಳಗಿಂದಲೇ ‘ನಿನ್ನ ನಾಯಿ ನೋಡು’ ಅಂತ ಕೂಗುತ್ತಿದ್ದೆವು. ಅವಳೂ ಕಡಿಮೆಯೇನಲ್ಲ. ಚಪ್ಪಲಿ ಕಚ್ಚಿದರೆ ‘ನಿಮ್ಮ ನಾಯಿ’, ರಾತ್ರಿ ಹಾವು ಕಂಡು ಬೊಗಳಿದರೆ ‘ನಮ್ಮ ಕೆಂಚ’. ಎರಡು ನಾಲಿಗೆಯ ನಡುವೆ ನಾಯಿ ಬೆಳೆಯುತ್ತಾ ಹೋಯಿತು. ಆದರೆ ಒಂದು ಕೆಲಸ ಇಬ್ಬರೂ ಮಾಡಲಿಲ್ಲ. ಅದಕ್ಕೆ ಲಸಿಕೆ ಹಾಕಿಸಲಿಲ್ಲ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ರೇಬೀಸ್ ಅಂದರೆ ನಮ್ಮ ಕಡೆ ಹೇಳುವ ಹುಚ್ಚುನಾಯಿ ಕಾಯಿಲೆ. ಲೂಯಿ ಪಾಶ್ಚರ್ ಎಂಬ ಫ್ರಾನ್ಸಿನ ವಿಜ್ಞಾನಿ 1885ರ ಜುಲೈ 6ರಂದು, ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಸಲ ಲಸಿಕೆ ಕೊಡಿಸಿ ಉಳಿಸಿಕೊಂಡರು. ಅವರು ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು. ಆ ನೆನಪಿಗೆ 2007ರಿಂದ ಈ ದಿನ ಆಚರಿಸುತ್ತಾರೆ. ಪಶು ಆಸ್ಪತ್ರೆಯವರು ಆ ಸಮಯದಲ್ಲಿ ಸಾಕುನಾಯಿಗಳಿಗೆ ಉಚಿತ ಲಸಿಕೆ ಶಿಬಿರ ಮಾಡುತ್ತಾರೆ. ನಾವು ಪ್ರತಿ ವರ್ಷದಂತೆ ಸುದ್ದಿ ಬರೆದೆವು. ‘ಸಾಕುನಾಯಿಗೆ ಲಸಿಕೆ ಮಾಲೀಕರ ಹೊಣೆ’ ಎಂಬ ತಲೆಬರಹ ಕೊಟ್ಟವರೂ ನಾವೇ. ಕಚ್ಚಿದರೆ ಮೊದಲು ಏನು ಮಾಡಬೇಕು, ಏನು ಮಾಡಬಾರದು ಎಂದು ವೈದ್ಯರನ್ನು ಕೇಳಿ ಪಟ್ಟಿ ಹಾಕಿದ್ದೆವು.

ನಾವು ಸುದ್ದಿ ಕಳಿಸುವ ಮೊದಲು ನಮ್ಮಾಕೆಗೆ ಓದಲು ಕೊಡುವುದು ರೂಢಿ. ಕಾಗುಣಿತ ಅವಳದು ನಮಗಿಂತ ಚೆನ್ನ. ಆ ದಿನ ಓದಿ ಮುಗಿಸಿ, ‘ಕೆಂಚನ್ನ ಯಾವಾಗ ಕರ್ಕೊಂಡು ಹೋಗ್ತೀರಿ?’ ಅಂದಳು.

‘ಈ ವಾರ ಹೋಗೋಣ’ ಅಂದೆವು.

ಆ ವಾರ ದಸರಾ. ಮುಂದಿನ ವಾರ ಇನ್ನೇನೋ. ಆಮೇಲೆ ದೀಪಾವಳಿ. ಶಿಬಿರಕ್ಕೆ ಹೋಗಿ ಬೇರೆಯವರ ನಾಯಿಗಳ ಫೋಟೊ ತೆಗೆದೆವು. ನಮ್ಮ ನಾಯಿ ಮನೆಯಲ್ಲೇ ಇತ್ತು.

ಕಾರ್ತಿಕದ ಒಂದು ಸಂಜೆ. ಪಕ್ಕದ ಮನೆಯ ಹುಡುಗ, ಏಳು ವರ್ಷದವನು, ಮಗಳ ಜೊತೆ ಆಡಲು ಬಂದಿದ್ದ. ಕೆಂಚ ಬೋಸಿಗೆ ಬಾಯಿ ಹಾಕಿ ಮುದ್ದೆ ತಿನ್ನುತ್ತಿದ್ದ. ಆಡುತ್ತಿದ್ದ ಚೆಂಡು ಉರುಳಿ ಬೋಸಿ ಹತ್ತಿರ ಹೋಯಿತು. ಹುಡುಗ ಕೈ ಚಾಚಿದ. ಕೆಂಚ ಕಚ್ಚಿದ. ಬಲಗೈ ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲಿನ ಗುರುತು, ರಕ್ತ.

ನಾವು ಜಗಲಿಯ ಮೇಲೆ ಫೋನಿನಲ್ಲಿ ಸುದ್ದಿ ಟೈಪ್ ಮಾಡುತ್ತಿದ್ದೆವು. ಕಿರುಚಿದ್ದು ಕೇಳಿ ಓಡಿದೆವು. ಮೊದಲು ನಾವು ಮಾಡಿದ ಕೆಲಸವನ್ನು ನಾಚಿಕೆ ಬಿಟ್ಟು ಹೇಳುತ್ತೇವೆ. ಮೂಲೆಯಲ್ಲಿದ್ದ ದೊಣ್ಣೆ ತೆಗೆದುಕೊಂಡು ನಾಯಿ ಹಿಂದೆ ಓಡಿದೆವು.

ಹುಡುಗನ ಅಜ್ಜಿ ಅಷ್ಟರಲ್ಲಿ ಬಂದು ಗಾಯಕ್ಕೆ ಸುಣ್ಣ ಹಚ್ಚಲು ಹೊರಟಿದ್ದರು. ಇನ್ಯಾರೋ ಮೆಣಸಿನಪುಡಿ ಅಂದರು. ಮತ್ತೊಬ್ಬರು, ಪಕ್ಕದ ಊರಿನಲ್ಲಿ ಮಂತ್ರ ಹಾಕುವವರಿದ್ದಾರೆ, ಮೂರು ಅಮಾವಾಸ್ಯೆ ಪಥ್ಯ ಮಾಡಿದರೆ ಸಾಕು ಅಂದರು. ನಮ್ಮಾಕೆ ಯಾರಿಗೂ ಉತ್ತರ ಕೊಡಲಿಲ್ಲ. ಹುಡುಗನನ್ನು ಎತ್ತಿಕೊಂಡು ಹಿತ್ತಲ ನಲ್ಲಿ ಹತ್ತಿರ ಕೂರಿಸಿ, ನೀರು ಬಿಟ್ಟು, ಸೋಪು ಹಚ್ಚಿ ತೊಳೆಯತೊಡಗಿದಳು. ಹುಡುಗ ಅಳುತ್ತಿದ್ದ. ಅಜ್ಜಿ ‘ಸಾಕು ಬಿಡವ್ವಾ’ ಅಂದರು. ‘ಇಲ್ಲ ಅಜ್ಜಿ, ಹದಿನೈದು ನಿಮಿಷ ತೊಳೀಬೇಕು. ಸುಣ್ಣ ಹಚ್ಚಬೇಡಿ, ಬಟ್ಟೆ ಕಟ್ಟಬೇಡಿ’ ಅಂದಳು. ಮಗಳ ಕೈಯಲ್ಲಿ ಫೋನು ಕೊಟ್ಟು ಸಮಯ ನೋಡಿಸಿದಳು.

ನಾವು ದೊಣ್ಣೆ ಹಿಡಿದು ಅಂಗಳದಲ್ಲಿ ನಿಂತು ನೋಡುತ್ತಿದ್ದೆವು. ಅವಳು ಹೇಳುತ್ತಿದ್ದದ್ದು ನಾವು ಬರೆದ ಸುದ್ದಿ. ಬರೆದವರು ಮರೆತಿದ್ದೆವು. ಕಾಗುಣಿತ ತಿದ್ದಿದವಳು ನೆನಪಿಟ್ಟುಕೊಂಡಿದ್ದಳು.

ಹುಡುಗನ ಅಪ್ಪ ಬೆಂಗಳೂರಿನಲ್ಲಿ ಕೆಲಸ. ಅಮ್ಮ ತೋಟದ ಕೂಲಿಯಿಂದ ಇನ್ನೂ ಬಂದಿರಲಿಲ್ಲ. ಬೈಕಿನಲ್ಲಿ ಅಜ್ಜಿಯನ್ನೂ ಹುಡುಗನನ್ನೂ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅಜ್ಜಿ ಒಂದೇ ಮಾತು. ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರಂತೆ ಕಣಪ್ಪಾ, ಮಗು ತಡ್ಕೊಳ್ಳುತ್ತಾ?’

ಈ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ಹಿಂದೆ ಹಾಗೆ ಕೊಡುತ್ತಿದ್ದದ್ದೂ ನಿಜ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿದೆ. ಈಗ ಕೊಡುವುದು ತೋಳಿಗೆ. ಚರ್ಮದೊಳಗೆ ಕೊಡುವ ಪದ್ಧತಿಯಾದರೆ ಕಚ್ಚಿದ ದಿನ, 3ನೇ ದಿನ, 7ನೇ ದಿನ ಮತ್ತು 28ನೇ ದಿನ, ಹೀಗೆ ನಾಲ್ಕು ಭೇಟಿ, ಪ್ರತಿ ಸಲ ಎರಡೂ ತೋಳಿಗೆ ಒಂದೊಂದು ಸಣ್ಣ ಚುಚ್ಚು. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಭೇಟಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ವೈದ್ಯರು ಗಾಯ ನೋಡಿದರು. ರಕ್ತ ಬಂದಿರುವುದರಿಂದ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಸೀರಮ್ ಕೊಡಬೇಕು ಅಂದರು. ಲಸಿಕೆ ಕೊಟ್ಟ ಮೇಲೆ ಮೈಯಲ್ಲಿ ರೋಗ ತಡೆಯುವ ಶಕ್ತಿ ಹುಟ್ಟಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಗಾಯದ ಜಾಗದಲ್ಲೇ ವೈರಾಣುವನ್ನು ತಡೆಯುವುದು ಈ ಸೀರಮ್. ತೊಳೆದದ್ದು ಯಾರು ಎಂದು ಕೇಳಿದರು. ಅಜ್ಜಿ ‘ಇವರ ಹೆಂಡ್ತಿ’ ಅಂದರು. ‘ಅರ್ಧ ಕೆಲಸ ಅವರೇ ಮಾಡಿದ್ದಾರೆ’ ಅಂದರು ವೈದ್ಯರು.

ಆಮೇಲೆ ನಮ್ಮ ಕಡೆ ತಿರುಗಿ, ‘ನಾಯಿಗೆ ಲಸಿಕೆ ಆಗಿದೆಯಾ?’ ಅಂದರು. ಸೆಪ್ಟೆಂಬರಿನಲ್ಲಿ ನಮಗೆ ಆ ಪಟ್ಟಿ ಹೇಳಿಕೊಟ್ಟಿದ್ದ ವೈದ್ಯರು ಇವರೇ. ಇಲ್ಲ ಅಂತ ತಲೆ ಅಲ್ಲಾಡಿಸಿದೆವು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

‘ನಾಯಿಯನ್ನು ಕೊಲ್ಲಬೇಡಿ, ಬಿಡಬೇಡಿ. ಕಟ್ಟಿ ಹಾಕಿ 10 ದಿನ ನೋಡಿ. ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಾಣು ಇದ್ದಿದ್ದರೆ 10 ದಿನದೊಳಗೆ ಕಾಯಿಲೆ ಕಾಣಿಸಿ ಸಾಯುತ್ತೆ. ಅಲ್ಲಿಯವರೆಗೆ ಹುಡುಗನ ಲಸಿಕೆ ಮಾತ್ರ ತಪ್ಪಿಸಬೇಡಿ’ ಅಂದರು.

ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ನಮ್ಮದೇ ಸುದ್ದಿ. ಅದಕ್ಕೆ ಮೂರು ತಿಂಗಳ ಮೊದಲು, 2025ರ ಆಗಸ್ಟ್ 11ರಂದು, ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆಗಸ್ಟ್ 22ರಂದು ಅದನ್ನು ಮಾರ್ಪಡಿಸಿ, ಸಂತಾನಹರಣ ಮತ್ತು ಲಸಿಕೆ ಮಾಡಿಸಿ ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ಇರುವ ಅಥವಾ ಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಅಂದಿತ್ತು. ಆಗ ಇದೇ ಬೆಂಚಿನ ಮೇಲೆ ಕೂತು ನಾವು ಎಲ್ಲರಿಗೂ ತೀರ್ಪು ವಿವರಿಸಿದ್ದೆವು. ಈಗ ಎಲ್ಲರೂ ನಮಗೆ ವಿವರಿಸಿದರು. ‘ಹೊಡೆದು ಹಾಕಿ’ ಅಂದವರು ಇಬ್ಬರು. ‘ದೂರ ಬಿಟ್ಟು ಬನ್ನಿ, ಪೇಪರ್‌ನೋರು ನೀವೇ ಹಿಂಗೆ ಮಾಡಿದ್ರೆ?’ ಅಂದವರು ಉಳಿದವರು.

ಆ ಮಾತು ಚುಚ್ಚಿತು. ಆ ರಾತ್ರಿ ಹತ್ತು ಗಂಟೆಗೆ ಎಲ್ಲರೂ ಮಲಗಿದ ಮೇಲೆ ಗೋಣಿಚೀಲ ತೆಗೆದುಕೊಂಡು ಹಿತ್ತಲಿಗೆ ಹೋದೆವು. ಕೆಂಚ ಬಾಲ ಆಡಿಸಿದ. ಹಗ್ಗ ಬಿಚ್ಚುವಷ್ಟರಲ್ಲಿ ಹಿತ್ತಲ ದೀಪ ಹತ್ತಿತು.

‘ಎಲ್ಲಿಗೆ?’

‘ಕೆರೆ ಆಚೆ ಬಿಟ್ಟು ಬರ್ತೀನಿ. ಹದಿನೈದು ಕಿಲೋಮೀಟರ್ ದಾಟಿದ್ರೆ ವಾಪಸ್ ಬರಲ್ಲ.’

‘ಆ ಕಡೆ ಊರಲ್ಲಿ ಮಕ್ಕಳಿಲ್ವಾ?’

ನಮಗೆ ಉತ್ತರ ಹೊಳೆಯಲಿಲ್ಲ. ಉತ್ತರ ಇಲ್ಲದಾಗ ಗಂಡಸರು ಮಾಡುವುದನ್ನೇ ನಾವೂ ಮಾಡಿದೆವು. ದನಿ ಏರಿಸಿದೆವು. ‘ನಾನು ತಂದ ನಾಯಿ, ನಾನೇ ಬಿಟ್ಟು ಬರ್ತೀನಿ. ನಿನಗೇನು?’

‘ತಂದೋರು ನೀವು, ಬಿಡೋರು ನೀವು. ನಡುವೆ ಐದು ತಿಂಗಳು ಹಿಟ್ಟು ಹಾಕಿದೋಳು ಯಾರು? ಡಾಕ್ಟ್ರು ಹತ್ತು ದಿನ ನೋಡಿ ಅಂದಿದ್ದಾರೆ. ಬಿಟ್ಟು ಬಂದ್ರೆ ಅದು ಬದುಕಿದೆಯೋ ಸತ್ತಿದೆಯೋ ಹೇಗೆ ಗೊತ್ತಾಗುತ್ತೆ? ಆ ಹುಡುಗನ ಅಮ್ಮ ಬಂದು ಕೇಳಿದ್ರೆ ಏನು ಹೇಳ್ತೀರಿ?’

‘ಊರೋರು ಆಡ್ಕೊಳ್ತಿದ್ದಾರೆ.’

‘ಧರ್ಮರಾಯ ಸ್ವರ್ಗದ ಬಾಗಿಲಲ್ಲೂ ನಾಯೀನ ಬಿಡಲ್ಲ ಅಂದ. ನೀವು ಟೀ ಅಂಗಡಿ ಮಾತಿಗೆ ಬಿಡ್ತೀರಾ?’

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾವು ಜಾಣತನ ತೋರಿಸಲು ಹೋದೆವು. ‘ಧರ್ಮರಾಯನ ಹೆಂಡ್ತಿ ದಾರೀಲೇ ಬಿದ್ದಿದ್ಲು. ಜಗಳಕ್ಕೆ ಯಾರೂ ಇರಲಿಲ್ಲ. ಅದಕ್ಕೇ ಅವನಿಗೆ ಅಷ್ಟು ಧರ್ಮ’ ಅಂದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅದೇ ನಾನೂ ಹೇಳ್ತಿರೋದು. ಬಿದ್ದ ಹೆಂಡ್ತೀನ ಅವನು ತಿರುಗಿಯೂ ನೋಡಲಿಲ್ಲ’ ಅಂದಳು. ದೀಪ ಆರಿಸಿ ಒಳಗೆ ಹೋದಳು.

ಆ ರಾತ್ರಿ ಜಗಲಿಯ ಮೇಲೆ ಮಲಗಿದೆವು. ನಿದ್ದೆ ಬರಲಿಲ್ಲ. ಫೋನಿನಲ್ಲಿ ಕಾನೂನು ಹುಡುಕಿದೆವು. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1960ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಕಾನೂನಿನ ಕಣ್ಣಲ್ಲಿ ನಮ್ಮ ಆ ರಾತ್ರಿಯ ಬೆಲೆ ಎರಡು ಪ್ಲೇಟು ಇಡ್ಲಿ. ಮನೆಯೊಳಗೆ ಅದರ ಬೆಲೆ ಬೇರೆ ಇತ್ತು. ಮರುದಿನದಿಂದ ನಮ್ಮಾಕೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು. ಹೇಳಬೇಕಾದ್ದನ್ನು ಮಗಳ ಬಾಯಲ್ಲಿ ಹೇಳಿಸುತ್ತಿದ್ದಳು.

ಅಡುಗೆ ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅವಳು 10 ದಿನಕ್ಕೂ ಗುರುತು ಹಾಕಿಕೊಂಡಿದ್ದಳು. ದಿನಾ ಎರಡು ಹೊತ್ತು ‘ಊಟ’, ‘ನೀರು’ ಅಂತ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಕೆಂಚನನ್ನು ಕೊಟ್ಟಿಗೆಯ ಹಿಂದೆ, ಮಕ್ಕಳು ಹೋಗದ ಕಡೆ, ಸರಪಳಿ ಹಾಕಿ ಕಟ್ಟಿದ್ದಳು. ಬೋಸಿಯನ್ನು ಉದ್ದನೆ ಕೋಲಿನಿಂದ ತಳ್ಳುತ್ತಿದ್ದಳು. ಕೈ ಹತ್ತಿರ ಒಯ್ಯುತ್ತಿರಲಿಲ್ಲ. ನಮ್ಮ ಮಗಳನ್ನು ಕೆಂಚ ಹಿಂದೆ ನೆಕ್ಕುತ್ತಿದ್ದದ್ದು ನೆನಪಾಗಿ ಅವಳೇ ವೈದ್ಯರಿಗೆ ಫೋನು ಮಾಡಿ ಕೇಳಿದ್ದಳು. ಗಾಯ, ತರಚು ಏನೂ ಇಲ್ಲದ ಚರ್ಮವನ್ನು ನೆಕ್ಕಿದ್ದರೆ ಲಸಿಕೆ ಬೇಡ ಅಂದಿದ್ದರಂತೆ. ಇದೂ ನಮಗೆ ತಿಳಿದದ್ದು ಮಗಳಿಂದ.

3ನೇ ದಿನದ ಚುಚ್ಚುಮದ್ದಿಗೆ ನಾವು ಹುಡುಗನನ್ನು ಕರೆದುಕೊಂಡು ಹೋದೆವು. 7ನೇ ದಿನ ಜಿಲ್ಲಾ ಉಸ್ತುವಾರಿ ಸಚಿವರ ಕಾರ್ಯಕ್ರಮ ಇತ್ತು. ಸುದ್ದಿಗಿಷ್ಟು ಎಂದು ಸಂಭಾವನೆ ಬರುವ ನಮ್ಮಂಥವರಿಗೆ ಅಂಥ ದಿನ ಬಿಟ್ಟರೆ ಆ ತಿಂಗಳ ಲೆಕ್ಕ ತಪ್ಪುತ್ತದೆ. ‘ನಾಳೆ ಹೋದ್ರೆ ಆಗಲ್ವಾ ಕೇಳು’ ಅಂತ ಮಗಳಿಗೆ ಹೇಳಿದೆವು. ಮಗಳು ಹೋಗಿ ಬಂದು, ‘ಅಮ್ಮ ರೆಡಿ ಆಗ್ತಿದ್ದಾಳೆ’ ಅಂದಳು. ಹಾಲು ಕರೆದು, ಡೇರಿಗೆ ಹಾಕಿ, ಹುಡುಗನ ಕೈ ಹಿಡಿದುಕೊಂಡು ಅವಳು ಏಳೂವರೆ ಬಸ್ಸಿಗೆ ಹೋದಳು. ಹುಡುಗನ ಅಮ್ಮನಿಗೆ ಒಂದು ದಿನದ ಕೂಲಿ ತಪ್ಪಬಾರದು ಎಂದು ಅವಳ ಲೆಕ್ಕ.

ಇದಕ್ಕಿಂತ ಮುಂಚೆಯೇ, 4ನೇ ದಿನ ರಾತ್ರಿ, ಕೆಂಚ ಊಟ ಮುಟ್ಟಿರಲಿಲ್ಲ. ಬೋಸಿ ಹಾಗೇ ಇತ್ತು. ನೀರೂ ಕುಡಿದಿರಲಿಲ್ಲ. ಮೂಲೆಯಲ್ಲಿ ಮುದುರಿ ಮಲಗಿದ್ದ. ಆ ದಿನದ ಮನೆಯ ಸ್ಥಿತಿ ಹೇಳಲಾರೆವು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರು ಉಳಿಯುವುದು ಇಲ್ಲವೆಂದರೂ ಸರಿ. ಮನುಷ್ಯರಿಗೆ ಈ ಕಾಯಿಲೆ ಬರುವುದರಲ್ಲಿ 99 ಪಾಲು ನಾಯಿಗಳಿಂದ, ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವ 100 ಜನರಲ್ಲಿ 40 ಜನ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಅಂಕಿಗಳನ್ನು ಸುದ್ದಿಯ ಕೊನೆಯ ಪ್ಯಾರಾದಲ್ಲಿ ಎಷ್ಟೋ ಸಲ ಹಾಕಿದ್ದೆವು. ಆ ರಾತ್ರಿ ಆ 40ರಲ್ಲಿ ಒಂದು ಮುಖ ಕಾಣುತ್ತಿತ್ತು. ಗೋಡೆಯ ಆಚೆ ಅದು ನಿದ್ದೆ ಮಾಡುತ್ತಿತ್ತು. ಲಸಿಕೆ, ಸೀರಮ್ ಎರಡೂ ಸಮಯಕ್ಕೆ ಆಗಿದೆ, ಭಯ ಬೇಡ ಎಂದು ವೈದ್ಯರು ಹೇಳಿದ್ದರು. ಗೊತ್ತಿದ್ದರೂ ಎದೆ ಕೇಳಲಿಲ್ಲ.

ಕೊಟ್ಟಿಗೆ ಬಾಗಿಲಲ್ಲಿ ಟಾರ್ಚ್ ಹಿಡಿದು ಕೂತೆವು. ಹನ್ನೊಂದರ ಹೊತ್ತಿಗೆ ನಮ್ಮಾಕೆಯೂ ಬಂದು ಸ್ವಲ್ಪ ದೂರದಲ್ಲಿ ಕೂತಳು. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ಶುರು ಮಾಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನಮಗೆ ಹೆಚ್ಚು ಹೆದರಿಕೆ ತಂದದ್ದು.

‘ನನಗೆ ನಾಯಿ ಮೇಲೆ ಸಿಟ್ಟಿಲ್ಲ ಕಣ್ರೀ. ನೀವು ತರ್ತೀರಿ, ನಾನು ಸಾಕ್ತೀನಿ. ಹಸು ಸಾಲ ತೆಗೆದು ತಂದ್ರಿ, ನಾನು ಸಾಕ್ದೆ. ಮೂರು ತಿಂಗಳು ಅಂತ ನಿಮ್ಮ ಸ್ನೇಹಿತರ ತಮ್ಮನ್ನ ಓದೋಕೆ ಮನೇಲಿಟ್ರಿ, ಎರಡು ವರ್ಷ ಅಡುಗೆ ಮಾಡಿ ಹಾಕ್ದೆ. ಊರಿಗೆಲ್ಲ ನೀವು ಒಳ್ಳೇರು. ಒಳ್ಳೇತನ ನಿಮ್ಮದು, ಅದರ ಮುಸುರೆ ನನ್ನದು. ಲಸಿಕೆ ಒಂದು ನೀವು ನೋಡ್ಕೊಳ್ತೀರಿ ಅಂತ ನಂಬಿದ್ದೆ. ಅಲ್ಲಿ ನನ್ನದೂ ತಪ್ಪು. ನಿಮ್ಮನ್ನ ಕಾಯ್ದೆ ನಾನೇ ಹಗ್ಗ ಹಿಡಿದು ಹೋಗಬೇಕಿತ್ತು. ನಿಮ್ಮ ತಪ್ಪು ನಿಮಗೇ ಗೊತ್ತಾಗಲಿ ಅಂತ ಸುಮ್ಮನಿದ್ದೆ. ನಮ್ಮಿಬ್ಬರ ಹಟಕ್ಕೆ ಯಾರದೋ ಮಗು ಕೈ ಕೊಡ್ತು.’

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಅನ್ನುತ್ತಾರಲ್ಲ, ಆ ಗಾದೆಯ ಕೂಸು ನಮ್ಮದೇ ಆಗಿರಬೇಕು ಅಂತೇನಿಲ್ಲ ಎಂದು ಆಗ ಅನಿಸಿತು.

ಹೇಳಲು ಸಮರ್ಥನೆ ಏನಾದರೂ ಇದೆಯಾ ಅಂತ ಹುಡುಕಿದೆವು. ಕೆಲಸ, ತಿರುಗಾಟ, ಸಂಭಾವನೆ. ಯಾವುದೂ ಬಾಯಿಗೆ ಬರಲಿಲ್ಲ. ‘ತಪ್ಪಾಯ್ತು’ ಅಂದೆವು. ಮದುವೆಯಾಗಿ ಎಂಟು ವರ್ಷಕ್ಕೆ ಇದು ಎಷ್ಟನೇ ಸಲವೋ, ಅವಳೇ ಲೆಕ್ಕ ಇಟ್ಟಿರಬೇಕು. ಅವಳು ಏನೂ ಅನ್ನಲಿಲ್ಲ. ಎದ್ದು ಹೋಗಿ ಕಂಬಳಿ ತಂದು ನಮ್ಮ ಹತ್ತಿರ ಇಟ್ಟು ಹೋದಳು.

ಬೆಳಗಿನ ಜಾವ ಕೆಂಚ ಎದ್ದು ಹುಲ್ಲು ತಿಂದು ವಾಂತಿ ಮಾಡಿದ. ಕೊಟ್ಟಿಗೆ ಹಿಂದೆ ಬಿದ್ದಿದ್ದ ಯಾವುದೋ ಪ್ಲಾಸ್ಟಿಕ್ ಕವರಿನ ಚೂರು ಬಂತು. ಏಳು ಗಂಟೆಗೆ ಬೋಸಿ ಖಾಲಿ ಮಾಡಿದ. ಕ್ಯಾಲೆಂಡರಿನಲ್ಲಿ ಆ ದಿನದ ‘ಊಟ’, ‘ನೀರು’ ಬರೆದವರು ನಾವು. ಅದರ ಮುಂದಿನ ದಿನಗಳದ್ದೂ ನಾವೇ ಬರೆದೆವು. ಅಷ್ಟಾದರೂ ಮೂರು ದಿನ ಬಿಟ್ಟು ಸಚಿವರ ಕಾರ್ಯಕ್ರಮಕ್ಕೆ ಹೋದವರೂ ನಾವೇ ಎನ್ನುವುದನ್ನು ಮುಚ್ಚಿಡುವುದಿಲ್ಲ. ಒಂದು ರಾತ್ರಿಯಲ್ಲಿ ಮನುಷ್ಯ ಅಷ್ಟು ಬದಲಾಗುವುದಿಲ್ಲ. ಆ ಸಂಜೆ ಬಂದವರೇ ಕೊಟ್ಟಿಗೆ ಗುಡಿಸಿದೆವು.

10ನೇ ದಿನ ಕೆಂಚ ಚೆನ್ನಾಗಿದ್ದ. 11ನೇ ದಿನ ಬೆಳಿಗ್ಗೆ ಹುಡುಗನ ಅಜ್ಜಿ ಬೇಲಿ ಆಚೆಯಿಂದ ‘ಬದುಕಿದೆಯಾ?’ ಅಂತ ಕೇಳಿದರು. ‘ಬದುಕಿದೆ ಅಜ್ಜಿ’ ಅಂದಳು ನಮ್ಮಾಕೆ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅಷ್ಟೇ ಜೋರಾಗಿ, ‘ಇನ್ನೊಂದು ಸಲ ಬಿಟ್ಟುಗಿಟ್ಟೀರ, ಜೋಕೆ’ ಅಂದರು. ಅವರ ಬಾಯಿಂದ ಅದು ನ್ಯಾಯವಾದ ಮಾತು.

ಆ ವಾರವೇ ಇಬ್ಬರೂ ಕೆಂಚನನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೈಕಿನಲ್ಲಿ ಹಿಂದೆ ಕೂತು ಅವಳೇ ಹಿಡಿದುಕೊಂಡಿದ್ದಳು. ಚುಚ್ಚುಮದ್ದು ಹಾಕಲು ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಐದು ತಿಂಗಳು ಮುಂದೂಡಿದ ಕೆಲಸ ಇಷ್ಟೇನಾ ಅನಿಸಿತು. ಮರಿಗೆ ಮೂರು ತಿಂಗಳು ತುಂಬಿದಾಗಲೇ ಮೊದಲ ಲಸಿಕೆ ಹಾಕಿಸಬೇಕಿತ್ತು, ಈಗ ಒಂದು ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಂದು ತಪ್ಪಿಸಬೇಡಿ ಅಂದರು ಪಶುವೈದ್ಯರು.

ಕಾರ್ಡು ಬರೆಯುವವರು ಕೇಳಿದರು. ‘ನಾಯಿ ಹೆಸರು?’

‘ಕೆಂಚ.’

‘ಮಾಲೀಕರ ಹೆಸರು?’

ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಾವು ಅವಳ ಹೆಸರು ಹೇಳಿದೆವು. ದೊಡ್ಡತನ ತೋರಿಸಿದೆವು ಎಂದು ಒಳಗೊಳಗೇ ಹಿಗ್ಗಿದೆವು. ಅವಳು ತಡೆದಳು. ‘ಇಬ್ಬರದೂ ಬರೀರಿ ಸಾರ್. ಒಬ್ಬರದೇ ಬರೆದ್ರೆ ಇನ್ನೊಬ್ಬರು ತಪ್ಪಿಸ್ಕೊಳ್ತಾರೆ.’

ಒಂದೇ ಗೆರೆಯ ಜಾಗ. ಅವರು ನಗುತ್ತಾ ಎರಡು ಹೆಸರನ್ನು ಸಣ್ಣಗೆ ಒತ್ತೊತ್ತಾಗಿ ಬರೆದರು. ಫೋನ್ ನಂಬರ್ ಮಾತ್ರ ಅವಳದು. ನಮ್ಮ ಫೋನು ಯಾವಾಗಲೂ ಬಿಝಿ ಎಂದು ಅವಳೇ ಹೇಳಿದಳು.

28ನೇ ದಿನ ಹುಡುಗನ ಕೊನೆಯ ಚುಚ್ಚುಮದ್ದಿಗೆ ಅವನ ಜೊತೆ ನಾವಿಬ್ಬರೂ ಹೋದೆವು. ಮುಗಿದ ಮೇಲೆ ಹೋಟೆಲಿನಲ್ಲಿ ದೋಸೆ ಕೊಡಿಸಿದೆವು. ಅವನಿಗೆ ಈಗಲೂ ಕೆಂಚ ಅಂದರೆ ಭಯ. ಬೇಲಿ ಹತ್ತಿರ ಬಂದವನು ಮೊದಲು ಸರಪಳಿ ಇದೆಯಾ ಎಂದು ನೋಡುತ್ತಾನೆ. ಆ ಭಯಕ್ಕೆ ಲಸಿಕೆ ಇಲ್ಲ. ಅದನ್ನು ನೋಡಿದಾಗಲೆಲ್ಲ ಗೋಣಿಚೀಲದ ರಾತ್ರಿ ನೆನಪಾಗುತ್ತದೆ.

ಮನೆಯಲ್ಲಿ ಜಗಳ ಈಗಲೂ ಇದೆ. ಸಂತಾನಹರಣ ಮಾಡಿಸಿದರೆ ಅಲೆದಾಟ, ಕಚ್ಚಾಟ ಕಡಿಮೆಯಾಗುತ್ತದೆ ಎಂದು ಪಶುವೈದ್ಯರು ಹೇಳಿದ್ದಾರೆ. ಅವಳು ಮಾಡಿಸೋಣ ಅನ್ನುತ್ತಾಳೆ. ನಮಗೆ ಇನ್ನೂ ಮನಸ್ಸು ಬಂದಿಲ್ಲ. ಈ ಸಲ ದಿನಾಂಕ ಗೊತ್ತು ಮಾಡಿಕೊಂಡೇ ಜಗಳ ಆಡುತ್ತಿದ್ದೇವೆ. ಯುಗಾದಿಯೊಳಗೆ ತೀರ್ಮಾನ ಆಗಬೇಕು, ಆಗದಿದ್ದರೆ ಅವಳು ಹೇಳಿದ್ದೇ ಆಗಬೇಕು ಎಂದು ಒಪ್ಪಂದ.

ನಿಮ್ಮ ಅಂಗಳದಲ್ಲೂ ಒಂದು ಕೆಂಚ, ಕರಿಯ, ರಾಜ ಇದ್ದೇ ಇರುತ್ತಾನೆ. ಇದನ್ನು ಓದಿ ಫೋನು ಕೆಳಗಿಡುವ ಮೊದಲು ಒಂದು ಕೆಲಸ ಮಾಡಿ. ಅದರ ಲಸಿಕೆ ಕಾರ್ಡು ಎಲ್ಲಿದೆ ಎಂದು ಮನೆಯಲ್ಲಿ ಕೇಳಿ. ‘ನಿಮಗೇ ಗೊತ್ತಿರಬೇಕಲ್ಲ’ ಎಂಬ ಉತ್ತರ ಬಂದರೆ ಜಗಳಕ್ಕೆ ನಿಲ್ಲಬೇಡಿ. ನಾಳೆ ಬೆಳಿಗ್ಗೆ ಇಬ್ಬರೂ ಹಗ್ಗ ಹಿಡಿದು ಹೊರಡಿ.